ಓಲೆ ತೆಗೆದರೆ ತಗಡು

"ಅಮ್ಮಾ, ಕಿವಿಯಲ್ಲಿರೋದನ್ನ ಸ್ವಲ್ಪ ತೆಗೀತೀರಾ? ಕ್ಯಾಮೆರಾದಲ್ಲಿ ತುಂಬಾ ಮಿಂಚ್ತಾ ಇದೆ."

ಹೋದ ತಿಂಗಳು ಚಿತ್ರದುರ್ಗದ ಒಂದು ಸೇವಾ ಕ್ಲಬ್ಬಿನ ಆಫೀಸಿನಲ್ಲಿ ಕುಳಿತು ಈ ಮಾತನ್ನು ಕೇಳಿಸಿಕೊಂಡೆ. ಹೇಳಿದವರು ಕ್ಲಬ್ಬಿನ ಅಧ್ಯಕ್ಷರು. ಹೇಳಿಸಿಕೊಂಡವಳು ಸಾನುಮಾಯಾ, ನೇಪಾಳದ ಒಂದು ಗುಡ್ಡದ ಮೇಲೆ ತನ್ನ ಮನೆ ಮುಂದೆ ನಿಂತಿದ್ದವಳು. ಇಬ್ಬರ ನಡುವೆ ಇದ್ದದ್ದು ಒಂದು ಫೋನು. ಪಕ್ಕದಲ್ಲಿ ಕುಂತಿದ್ದವಳು ನಾನು.

ಗಂಡ ಇರುವ ಹೆಂಗಸಿಗೆ ಓಲೆ ತೆಗಿ ಅಂತ ನಮ್ಮ ಸೀಮೆಯಲ್ಲಿ ಯಾರಾದರೂ ಹೇಳುತ್ತಾರೇನ್ರಿ? ಸಿಟ್ಟು ಬಂದಾಗ ಏನೇನೋ ಬೈತೀವಿ. ನಾನಂತೂ ಬಹಳ ಬೈತೀನಿ. ಆದರೂ ಇದೊಂದು ಮಾತು ಬಾಯಿಗೆ ಬರುವುದಿಲ್ಲ. ಅಧ್ಯಕ್ಷರು ಹುಟ್ಟಿ ಬೆಳೆದದ್ದು ಇದೇ ದುರ್ಗದಲ್ಲಿ. ಗೊತ್ತಿಲ್ಲದೆ ಅಂದರು ಅಂತ ನೀವು ಬೇಕಾದರೆ ನಂಬಿ. ನಾನು ನಂಬುವುದಿಲ್ಲ.

ಮೊದಲು ಸಾನುಮಾಯಾ ಯಾರು ಅಂತ ಹೇಳಿಬಿಡುತ್ತೇನೆ. ಇಲ್ಲದಿದ್ದರೆ, ಯಲ್ಲದಕೆರೆ ಕಡೆಯ ನನ್ನಂಥ ಕುರುಬರ ಮುದುಕಿಗೂ ನೇಪಾಳಕ್ಕೂ ಎತ್ತಣ ಸಂಬಂಧ ಅಂತ ಕೇಳುತ್ತೀರಿ.

ಹಿರಿಯೂರಿನ ಹೈವೇ ಪಕ್ಕ ಒಂದು ಡಾಬಾ ಇತ್ತು. ಅಲ್ಲಿ ಅಡುಗೆ ಮಾಡುತ್ತಿದ್ದವನು ಇವಳ ಗಂಡ. ಎಲ್ಲರೂ ಅವನನ್ನು ಬಾದೂರ ಅನ್ನುತ್ತಿದ್ದರು. (ನಿಜವಾದ ಹೆಸರು ಟೇಕರಾಜ್. ಯಾರೂ ಕೇಳಲಿಲ್ಲ, ಅವನೂ ಹೇಳಲಿಲ್ಲ. ನೇಪಾಳದಿಂದ ಬಂದವರೆಲ್ಲ ನಮಗೆ ಬಾದೂರರೇ.) ಸಾನುಮಾಯಾ ಅಲ್ಲೇ ಪಾತ್ರೆ ತೊಳೆಯುತ್ತಿದ್ದಳು. ನಾನು ಉಣ್ಣೆ ಮಾರಲು ಹಿರಿಯೂರಿಗೆ ಹೋದಾಗ ಬಸ್ಸಿಗೆ ಕಾಯುತ್ತಾ ಡಾಬಾದ ನೆರಳಲ್ಲಿ ಕೂತು ಕದಿರು ತಿರುಗಿಸುತ್ತಿದ್ದೆ. ಒಂದು ದಿನ ಬಂದು ನನ್ನ ಕೈಯಿಂದ ಕದಿರು ಕಿತ್ತುಕೊಂಡು ಎಳೆ ಎಳೆದು ತೋರಿಸಿದಳು. ನನಗಿಂತ ಸಣ್ಣ ನೂಲು! ಅವಳ ಕಡೆಯವರೂ ಕುರಿ ಸಾಕುವವರಂತೆ. ಅವತ್ತಿನಿಂದ ನಾನು ಅವಳಿಗೆ ದೊಡ್ಡವ್ವ.

ಹತ್ತು ಹನ್ನೆರಡು ವರ್ಷ ನಮ್ಮ ಕಡೆ ಇದ್ದಳು. ಕನ್ನಡ ಕಲಿತಳು. ಪುಸ್ತಕದ ಕನ್ನಡ ಅಲ್ಲ, ಡಾಬಾದ ಕನ್ನಡ. ಆಮೇಲೆ ಮಾವ ಸತ್ತ, ಊರಿಗೆ ವಾಪಸ್ ಹೋದರು. ಹೋದ ಎರಡನೇ ಮಳೆಗಾಲದಲ್ಲಿ ಗುಡ್ಡ ಕುಸಿದು ಊರಿನ ಅರ್ಧ ಕುರಿ ಮಣ್ಣಡಿ ಹೋದವು.

ಹಾಗೆ ಶುರುವಾಯಿತು ನಮ್ಮ ಸಂಘ. ದೊಡ್ಡ ಸಂಸ್ಥೆ ಅಂದುಕೊಳ್ಳಬೇಡಿ. ನಮ್ಮ ಹಟ್ಟಿಯ ನಾಲ್ಕು ಜನ ಕುರುಬರ ಹೆಂಗಸರು, ಹಿರಿಯೂರು ಪೇಟೆಯಲ್ಲಿ ಹಾಸಿಗೆ ಹೊಲಿಯುವ ಮಾಬೂಬಿ, ಅಷ್ಟೇ. ಉಣ್ಣೆ ಮಾರಿದ್ದರಲ್ಲಿ ಒಂದು ಪಾಲು ತೆಗೆದಿಡುತ್ತೇವೆ. ಸಾಲದಿದ್ದಾಗ ನಾಚಿಕೆ ಬಿಟ್ಟು ಕೇಳುತ್ತೇವೆ. ಗುಡ್ಡದ ಕೆಳಗಿನ ಪೇಟೆಯಲ್ಲಿ ಟೇಕರಾಜನ ಅಣ್ಣನ ಅಂಗಡಿ ಇದೆ. ಬೇಕಾದ್ದನ್ನು ಅಲ್ಲೇ ಕೊಡಿಸುತ್ತೇವೆ.

"ನಮ್ಮೂರಾಗೆ ಬಡವ್ರು ಇಲ್ವೇನಮ್ಮ? ನೇಪಾಳಕ್ಕೇ ಕೊಡ್ಬೇಕಾ?" ಈ ಪ್ರಶ್ನೆ ಕೇಳದವರೇ ಇಲ್ಲ. ನಾನು ಕಂಡಂತೆ, ಹೀಗೆ ಕೇಳುವವರು ನಮ್ಮೂರಿನ ಬಡವರಿಗೂ ಏನೂ ಕೊಟ್ಟಿರುವುದಿಲ್ಲ. ಗೊತ್ತಿರುವವಳ ಕುರಿ ಸತ್ತರೆ ನಡುವೆ ಎಷ್ಟು ಗಡಿ ಇದೆ ಅಂತ ಲೆಕ್ಕ ಹಾಕುತ್ತಾ ಕೂರಬೇಕಾ?

ನಾವು ಕೊಟ್ಟ ರೀತಿ ಮಾತ್ರ ನಮ್ಮದು. ದಾನ ಕೊಡಲಿಲ್ಲ. ಪಾಲಿಗೆ ಕೊಟ್ಟೆವು. ನಮ್ಮ ಕುರುಬರಲ್ಲಿ ಇದು ಮೊದಲಿಂದ ಇರುವುದೇ. ಕುರಿ ಇಲ್ಲದವನಿಗೆ ಇರುವವನು ಒಂದು ಹೆಣ್ಣು ಕುರಿ ಕೊಡುತ್ತಾನೆ. ಇವನು ಮೇಯಿಸುತ್ತಾನೆ. ಹುಟ್ಟಿದ ಮರಿಯಲ್ಲಿ ಅರ್ಧ ಅವನಿಗೆ, ಅರ್ಧ ಇವನಿಗೆ. ನೇಪಾಳದಿಂದ ಮರಿ ಇಲ್ಲಿಗೆ ತರಲು ಆಗುತ್ತದಾ? ಅದಕ್ಕೆ ನಮ್ಮ ಪಾಲಿನ ಮರಿ ಅಲ್ಲೇ ಪಕ್ಕದ ಮನೆಗೆ ಹೋಗಬೇಕು ಅಂತ ಮಾಡಿದೆವು. ಹಾಗೆ ಮನೆಯಿಂದ ಮನೆಗೆ ಕುರಿ ನಡೆಯಿತು.

ಪಾಲಿಗೆ ಕೊಡುವುದರಲ್ಲಿ ಇನ್ನೊಂದು ಇದೆ. ಇಸಿದುಕೊಂಡವರು ಕೊಟ್ಟವರನ್ನು ಬೈಯಬಹುದು. 'ಎಂಥ ಗೊಡ್ಡು ಕುರಿ ಕೊಟ್ಟೆಯೋ' ಅಂತ ಸಂತೆಯಲ್ಲೇ ನಿಲ್ಲಿಸಿ ಕೇಳಬಹುದು. ಯಾಕೆಂದರೆ ಇಬ್ಬರೂ ಪಾಲುದಾರರು.

ಸಾನುಮಾಯಾ ಈ ಹಕ್ಕನ್ನು ಚೆನ್ನಾಗಿಯೇ ಚಲಾಯಿಸಿದಳು. ಒಂದು ಸಲ ಚಳಿಗೆ ಇರಲಿ ಅಂತ ನಮ್ಮ ಕೈಯಾರೆ ಮಾಡಿದ ಕಂಬಳಿ ಕಳಿಸಿದೆವು. ಕಂಬಳಿ ಅಂದಮೇಲೆ ಹುಣಸೆಬೀಜದ ಗಂಜಿ ಹಾಕುತ್ತೇವೆ. ಆಗಲೇ ಅದು ತಗಡಿನ ಹಾಗೆ ಸೆಟೆದು ನಿಲ್ಲುವುದು, ನಮ್ಮ ಕಡೆಯ ಎರಡು ಹನಿ ಮಳೆಯನ್ನು ತಡೆಯುವುದು. ಅಲ್ಲಿ ಮೂರು ತಿಂಗಳು ಮೋಡವೇ ಮನೆಯೊಳಗೆ ಬಂದು ಕೂರುತ್ತದಂತೆ. ಗಂಜಿ ನೆನೆದು ನಾರಿತು. ಇಲಿಗಳಿಗೆ ಹಬ್ಬ. ಫೋನಿನಲ್ಲಿ ಬಂತು ನೋಡಿ ಮಂಗಳಾರತಿ:

"ದೊಡ್ಡವ್ವ, ಇದುನ್ನ ಹೊದ್ಕಳಾದಾ, ಸಾರು ಮಾಡ್ಕಂಡು ಉಣ್ಣಾದಾ? ರಾತ್ರಿಯೆಲ್ಲ ಇಲಿ ಬಂದು ನನ್ನ ಮೈಮ್ಯಾಗೆ ಊಟ ಮಾಡ್ತಾವೆ!"

ನಾನೂ ಬಿಡಲಿಲ್ಲ. "ಲೇ, ಇಲಿಗಾದ್ರೂ ಹೊಟ್ಟೆ ತುಂಬ್ತಲ್ಲ, ಸುಮ್ಕಿರೇ" ಅಂದೆ. ಮುಂದಿನ ಸಲ ಗಂಜಿ ಇಲ್ಲದೆ ನೇಯ್ದು ಕಳಿಸಿದೆವು. ಬೈಸಿಕೊಂಡಿದ್ದರಿಂದ ಗೊತ್ತಾಯಿತು. ಥ್ಯಾಂಕ್ಸ್ ಅಂದಿದ್ದರೆ ಇವತ್ತಿಗೂ ಇಲಿ ಸಾಕುತ್ತಿದ್ದೆವು.

ಇನ್ನು ತಗಡಿನ ವಿಷಯ. ಕಳೆದ ಚಳಿಗಾಲದಲ್ಲಿ ಹಿಮದ ಭಾರಕ್ಕೆ ಸಾನುಮಾಯಾಳ ರೊಪ್ಪದ (ಅಂದರೆ ಕುರಿ ಕೂಡುವ ದೊಡ್ಡಿಯ) ಮಾಡು ಕುಸಿಯಿತು. ಹಲಗೆ, ಹುಲ್ಲು ಹಾಕಿದ ಹಳೇ ಮಾಡು. ಒಳಗಿದ್ದವು ಗಬ್ಬದ ಕುರಿಗಳು. ಊರಿನ ಮಿಕ್ಕವರ ಕುರಿಗಳೂ ಚಳಿಗಾಲದಲ್ಲಿ ಅಲ್ಲೇ. ಸತ್ತ ಕುರಿಯ ಜೊತೆಗೆ ಹೊಟ್ಟೆಯೊಳಗಿನ ಮರಿಯೂ ಹೋಯಿತು, ಆ ಮರಿಗೆ ಕಾಯುತ್ತಿದ್ದ ಪಕ್ಕದ ಮನೆಯ ಪಾಲೂ ಹೋಯಿತು. ಈ ಸಲ ಹಿಮ ಬೀಳುವುದರೊಳಗೆ ಇಳಿಜಾರಾಗಿ ತಗಡಿನ ಮಾಡು ಆಗಲೇಬೇಕು. ಇಲ್ಲದಿದ್ದರೆ ಉಳಿದ ಕುರಿಯನ್ನು ಕಟುಕರಿಗೆ ಕೊಟ್ಟು, ಗಂಡ ಹೆಂಡತಿ ಮತ್ತೆ ಯಾವುದಾದರೂ ಡಾಬಾಕ್ಕೆ ಪಾತ್ರೆ ತೊಳೆಯಲು ಹೊರಡಬೇಕು.

ಅಷ್ಟು ತಗಡು ನಮ್ಮ ಉಣ್ಣೆಯಿಂದ ಹುಟ್ಟುವುದಿಲ್ಲ. ಅದಕ್ಕೇ ಆ ಕ್ಲಬ್ಬಿಗೆ ಹೋದದ್ದು.

ಅಧ್ಯಕ್ಷರು ಒಳ್ಳೆಯ ಮಾತೇ ಆಡಿದರು. "ಅಂತರರಾಷ್ಟ್ರೀಯ ಸೇವೆ" ಅಂದರು. ನಮಗೆ ಟೀ ಕೊಡಿಸಿದರು. ತಗಡು ಕೊಡಿಸುವುದು ನಮ್ಮ ಜವಾಬ್ದಾರಿ, ಆದರೆ ಫಲಾನುಭವಿಗಳ ಒಂದು ವಿಡಿಯೋ ಬೇಕು, ಹೊಳಲ್ಕೆರೆಯಲ್ಲಿ ನಮ್ಮ ಸಮಾವೇಶ ಇದೆ, ಅಲ್ಲಿ ತೋರಿಸಬೇಕು ಅಂದರು. ಆಗಲಿ ಅಂದೆ. ಕೊಡುವವರಿಗೆ ಯಾರಿಗೆ ಕೊಡುತ್ತಿದ್ದೇವೆ ಅಂತ ನೋಡುವ ಆಸೆ ಇರುತ್ತದೆ. ಅದು ತಪ್ಪಲ್ಲ.

ಹಾಗಾಗಿ ಅವತ್ತು ನಾನು, ಮಾಬೂಬಿ ಇಬ್ಬರೂ ಕ್ಲಬ್ಬಿಗೆ ಹೋದೆವು. ಮಾಬೂಬಿಯ ಫೋನಿನಿಂದ ವಿಡಿಯೋ ಕಾಲ್. ಕ್ಲಬ್ಬಿನ ಸೆಕ್ರೆಟರಿ ತಮ್ಮ ಫೋನಿನಲ್ಲಿ ಅದನ್ನು ರೆಕಾರ್ಡ್ ಮಾಡಲು ನಿಂತರು. ಆ ಕಡೆ ಸಾನುಮಾಯಾ, ಪಕ್ಕದಲ್ಲಿ ಊರಿನ ಮೂರ್ನಾಲ್ಕು ಹೆಂಗಸರು. ಹಿಂದೆ ಮಾಡು ಇಲ್ಲದ ರೊಪ್ಪ. ಎಲ್ಲರೂ ತಲೆಗೆ ಎಣ್ಣೆ ಹಚ್ಚಿ ಬಾಚಿ, ಇದ್ದುದರಲ್ಲಿ ಚೆನ್ನಾಗಿರುವುದನ್ನು ಉಟ್ಟಿದ್ದರು. ದೂರದ ನೆಂಟರು ನೋಡುತ್ತಾರೆ ಅಂದರೆ ನಾವಾದರೂ ಅಷ್ಟು ಮಾಡುವುದಿಲ್ಲವಾ? ಸಾನುಮಾಯಾಳ ಕಿವಿಯಲ್ಲಿ ಎಂದಿನಂತೆ ಅಗಲವಾದ, ಚಪ್ಪಟೆ ಬಿಲ್ಲೆಯಂಥ ಓಲೆ. ಡಾಬಾದಲ್ಲಿ ಎಂಜಲು ತಟ್ಟೆ ತೊಳೆಯುವಾಗಲೂ ಅವಳ ಕಿವಿಯಲ್ಲಿ ಇದ್ದ ಓಲೆ. ಮದುವೆಯಲ್ಲಿ ಅವಳವ್ವ ಹಾಕಿದ್ದು.

ಅಧ್ಯಕ್ಷರು ಫೋನಿನೊಳಗೆ ಇಣುಕಿ ನೋಡಿದರು. ಸೆಕ್ರೆಟರಿ ಕಡೆ ತಿರುಗಿದರು.

"ಏನ್ರೀ ಇದು, ಬಡವರ ಥರ ಕಾಣ್ತಾನೇ ಇಲ್ಲವಲ್ಲ. ಕಿವಿಯಲ್ಲಿ ನೋಡಿ ಎಷ್ಟು ಚಿನ್ನ!"

"ಹೌದು ಸಾರ್. ನಮ್ಮ ಮೆಂಬರ್ಸೇ ಕೇಳ್ತಾರೆ, ಆ ಚಿನ್ನ ಮಾರಿ ತಗಡು ಹಾಕ್ಸಬಾರ್ದಾ ಅಂತ."

ನೇಪಾಳದವಳಿಗೆ ಕನ್ನಡ ಎಲ್ಲಿಂದ ಬರಬೇಕು ಅಂದುಕೊಂಡಿದ್ದರು. ನಾನು ಬಾಯಿ ತೆರೆಯುವುದರೊಳಗೆ ಫೋನಿನಿಂದ ಬಂತು:

"ಚಿನ್ನ ನಮ್ಮವ್ವ ಕೊಟ್ಟಿದ್ದು ಕಣ್ರೀ ಸಾಮಿ. ಮಾರಾಕಲ್ಲ. ನಿಮ್ಮನೇಲಿ ಮಾಡು ಸೋರಿದ್ರೆ ನಿಮ್ಮ ಹೆಂಡ್ರ ಕಿವಿ ನೋಡ್ತೀರಾ, ಮಾಡು ನೋಡ್ತೀರಾ?"

ಹಿರಿಯೂರು ಹೈವೇಯ ಅಚ್ಚ ಕನ್ನಡ! ಮಾಬೂಬಿ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಅಧ್ಯಕ್ಷರ ಮುಖ ಕೆಂಪಾಯಿತು. ಆದರೂ ಸಾವರಿಸಿಕೊಂಡರು. ಸಾವರಿಸಿಕೊಂಡು ಆಡಿದ ಮಾತೇ ಮೊದಲು ಹೇಳಿದೆನಲ್ಲ, ಅದು. ಅಮ್ಮಾ, ಕಿವಿಯಲ್ಲಿರೋದನ್ನ ಸ್ವಲ್ಪ ತೆಗೀತೀರಾ?

ಸಾನುಮಾಯಾ ನಗಲಿಲ್ಲ. ಬೈಯಲೂ ಇಲ್ಲ. ಅವಳ ಕಡೆಯೂ ಮದುವೆಯ ಓಲೆಯನ್ನು ಸುಮ್ಮಸುಮ್ಮನೆ ಬಿಚ್ಚುವುದಿಲ್ಲ. ನಮ್ಮ ಕಡೆ ಅದನ್ನು ಯಾವಾಗ ಬಿಚ್ಚುತ್ತಾರೆ ಅನ್ನುವುದನ್ನೂ ಇಲ್ಲಿದ್ದು ಕಣ್ಣಾರೆ ಕಂಡವಳು. ನನ್ನ ಗಂಡ ಸತ್ತಾಗ ಡಾಬಾ ಕೆಲಸ ಬಿಟ್ಟು ನಮ್ಮ ಹಟ್ಟಿಗೆ ಬಂದಿದ್ದಳು. ನಾದಿನಿಯರು ನನ್ನ ಓಲೆ ತೆಗೆಯುವಾಗ ಬಾಗಿಲಲ್ಲಿ ನಿಂತಿದ್ದಳು.

"ನನ್ನ ಗಂಡ ಇನ್ನಾ ಅವ್ನೆ ಸಾಮಿ" ಅಂದಳು. ಫೋನ್ ಕಟ್ಟಾಯಿತು.

ನೆಟ್‌ವರ್ಕ್ ಹೋಯಿತು ಅಂದರು ಸೆಕ್ರೆಟರಿ. (ನೆಟ್‌ವರ್ಕ್ ಪಾಪ, ಎಲ್ಲರ ಮರ್ಯಾದೆ ಕಾಯುತ್ತದೆ.)

ಅಧ್ಯಕ್ಷರು ನನ್ನ ಕಡೆ ತಿರುಗಿದರು. "ನೋಡಮ್ಮ, ನಾವು ಸಹಾಯ ಮಾಡೋಕೆ ಬಂದಿರೋರು. ಈ ಥರ ಉಡಾಫೆ ಮಾತು ಕೇಳೋಕಲ್ಲ. ನೀನೇ ಸ್ವಲ್ಪ ತಿಳಿಸಿ ಹೇಳು. ಒಂದು ಕ್ಷಮೆ ಕೇಳಲಿ, ಸಿಂಪಲ್ಲಾಗಿ ಒಂದು ವಿಡಿಯೋ ಕೊಡಲಿ. ತಗಡು ರೆಡಿ ಇದೆ."

"ಸಿಂಪಲ್ ಅಂದ್ರೆ?" ಅಂದೆ.

"ಅಂದ್ರೆ... ಕಷ್ಟ ಕಾಣೋ ಹಾಗೆ."

"ಹಿಂದೆ ಮಾಡಿಲ್ದ ರೊಪ್ಪ ಕಾಣ್ತಿತ್ತಲ್ರೀ. ಅದು ಕಷ್ಟ ಅಲ್ವಾ?"

"ಅದು ಯಾರಿಗಮ್ಮ ಅರ್ಥ ಆಗುತ್ತೆ? ಜನ ಮುಖ ನೋಡ್ತಾರೆ."

ನಿಮ್ಮ ತಗಡು ನೀವೇ ಹೊದ್ಕಳ್ರಿ ಅಂತ ಎದ್ದು ಬರಬೇಕು ಅನ್ನಿಸಿತು. ಅರ್ಧ ಎದ್ದೂ ಆಗಿತ್ತು. ಮಾಬೂಬಿ ನನ್ನ ಸೆರಗು ಹಿಡಿದು ಎಳೆದಳು. "ಹೇಳ್ತೀವಿ ಸಾರ್" ಅಂದಳು.

ಹಿರಿಯೂರಿನ ಬಸ್ಸಿನಲ್ಲಿ ನಮ್ಮಿಬ್ಬರಿಗೂ ಜಗಳ. ಜನ ತಿರುಗಿ ತಿರುಗಿ ನೋಡುತ್ತಿದ್ದರು. ನೋಡಲಿ.

"ಏನಂತ ಹೇಳ್ತೀಯೇ ಅವ್ಳಿಗೆ? ಮುಂಡೆ ಥರ ನಿಂತ್ಕಳಮ್ಮ, ತಗಡು ಕೊಡ್ತಾರೆ ಅಂತಾನಾ?"

"ಕೆಂಚಕ್ಕ, ಬಾಯಿ ಸಣ್ಣದು ಮಾಡು. ಎರಡು ನಿಮಿಷದ ಕೆಲ್ಸ. ತೆಗೀಲಿ, ಆಮ್ಯಾಕೆ ಹಾಕ್ಕಳ್ಲಿ. ಕಿವಿ ಎಲ್ಲಿಗೂ ಹೋಗಲ್ಲ, ಕುರಿ ಹೋಗ್ತಾವೆ."

"ನಿನ್ನ ಕರಿಮಣಿ ಬಿಚ್ಚು ಅಂದ್ರೆ ಬಿಚ್ತೀಯಾ?"

ಮಾಬೂಬಿ ಕಿಟಕಿ ಕಡೆ ನೋಡಿದಳು. ಆಮೇಲೆ ಅಂದಳು, "ಮಕ್ಳು ಸಾಯ್ತಾರೆ ಅಂದ್ರೆ ಬಿಚ್ತೀನಿ. ನಿಂಗೆ ರೋಷ ಐತೆ, ಸರಿ. ಹಿಮ ಬೀಳಾದು ನಿನ್ನ ಮನೆ ಮ್ಯಾಲಲ್ಲ."

ಅವಳು ಅಂದದ್ದು ಸರಿ. ನನ್ನ ಸಿಟ್ಟಿಗೆ ನಾನು ತೆರಬೇಕಾದ ಬೆಲೆ ಏನೂ ಇಲ್ಲ. ಎದ್ದು ಬಂದರೆ ನನಗೆ ಬೀಳುವುದು ಚಪ್ಪಾಳೆ. ಸಾನುಮಾಯಾಳ ರೊಪ್ಪದ ಮೇಲೆ ಬೀಳುವುದು ಹಿಮ.

ಹಿರಿಯೂರು ಬಸ್ ಸ್ಟ್ಯಾಂಡಿನಲ್ಲಿ ಇಳಿದು, ನಾನೇ ಅವಳಿಗೆ ಫೋನ್ ಮಾಡಿಸಿದೆ. ಏನು ಹೇಳಬೇಕು ಅಂತ ತೋಚದೆ ಬರೀ ಬೈದೆ. ಅಧ್ಯಕ್ಷರನ್ನು, ಕ್ಲಬ್ಬನ್ನು, ಸೆಕ್ರೆಟರಿಯನ್ನು, ಅವರ ಟೀಯನ್ನು. ಬೇರೆ ಕಡೆ ಕೇಳೋಣ, ಹೊಸದುರ್ಗದಲ್ಲಿ ಯಾರಾದರೂ ಸಿಗುತ್ತಾರೆ, ಮತ್ತೋಡಿನಲ್ಲಿ ನಮ್ಮವರು ಇದ್ದಾರೆ ಅಂದೆ.

"ಯಾವಾಗ ಸಿಕ್ತಾರೆ ದೊಡ್ಡವ್ವ?" ಅಂದಳು.

ನಾನು ಬೆರಳು ಮಡಚಿ ವಾರ ಎಣಿಸತೊಡಗಿದೆ.

"ಇಲ್ಲಿ ಮ್ಯಾಲಿನ ಗುಡ್ಡ ಆಗ್ಲೇ ಬೆಳ್ಳಗಾಗೈತೆ. ತೆಗೀತೀನಿ ಬಿಡು."

"ತೆಗೀಬ್ಯಾಡ ಕಣೇ. ನಾನು ಹೇಳ್ತೀನಿ, ಬ್ಯಾಡ."

"ಕಿವಿ ನಂದು. ಕುರೀನೂ ನಂದೇ. ನೀನು ಸುಮ್ಕಿರು" ಅಂದಳು. "ಇವ್ನಿಗೆ ಮಾತ್ರ ಹೇಳಲ್ಲ. ಇವ್ನು ಕೆಳಕ್ಕೆ ಹೋದಾಗ ಫೋನ್ ಮಾಡ್ತೀನಿ ಅನ್ನು ಆ ಸಾಮಿಗೆ."

ಗಂಡನಿಗೆ ಗೊತ್ತಾಗದ ಹಾಗೆ! ಅವನು ಕೆಳಗಿನ ಪೇಟೆಗೆ, ತಗಡು ಹೊರಲು ಆಳು ಗೊತ್ತು ಮಾಡಲು ಹೋದ ದಿನ ವಿಡಿಯೋ ಮಾಡಿಸಿಕೊಂಡಳು. ಆ ಕರೆ ನಾನು ನೋಡಲಿಲ್ಲ. ಕ್ಲಬ್ಬಿಗೆ ಹೋಗಲಿಲ್ಲ. ಮಾಬೂಬಿ ಒಬ್ಬಳೇ ಹೋಗಿ ಬಂದಳು. ಹೆಂಗಾಯ್ತೇ ಅಂದೆ. "ಆಯ್ತು" ಅಂದಳು. ಅಷ್ಟೇ. ಯಾವಾಗಲೂ ಹತ್ತು ಮಾತಾಡುವವಳು.

ಅಧ್ಯಕ್ಷರು ಮಾತಿಗೆ ತಪ್ಪುವವರಲ್ಲ. ಅದನ್ನು ಹೇಳಲೇಬೇಕು. ವಾರದೊಳಗೆ ಟೇಕರಾಜನ ಅಣ್ಣನ ಅಂಗಡಿಗೆ ದುಡ್ಡು ಕಟ್ಟಿ ತಗಡು ಎತ್ತಿಸಿದರು.

ಮೊನ್ನೆ ಭಾನುವಾರ ಹೊಳಲ್ಕೆರೆಯ ಕಲ್ಯಾಣ ಮಂಟಪದಲ್ಲಿ ಅವರ ಸಮಾವೇಶ. ನಮ್ಮ ಸಂಘದಿಂದ ಒಬ್ಬರಾದರೂ ಬರಲೇಬೇಕು ಅಂತ ಹೇಳಿಕಳಿಸಿದ್ದರು. ಮಾಬೂಬಿ ಬರುವುದಿಲ್ಲ ಅಂದಳು. ನಾನು ಹೋದೆ. ಮುಂದಿನ ಸಾಲಿನಲ್ಲಿ ಕೂರಿಸಿದರು. ಪಕ್ಕದಲ್ಲಿ ಅಧ್ಯಕ್ಷರ ಹೆಂಡತಿ. ಒಳ್ಳೆಯ ಹೆಂಗಸು, ನಿಜವಾಗಿ. "ಬರ್ರಿ ಅಮ್ಮಾ, ಕುಂತ್ಕಳ್ರಿ" ಅಂತ ಕೈ ಹಿಡಿದು ಕೂರಿಸಿ, ತಮ್ಮ ನೀರಿನ ಬಾಟಲಿ ಕೊಟ್ಟರು.

ದೀಪ ಆರಿಸಿದರು. ದೊಡ್ಡ ಪರದೆಯ ಮೇಲೆ ಸಾನುಮಾಯಾ ಬಂದಳು.

ತಲೆಗೆ ಎಣ್ಣೆ ಇಲ್ಲ. ಹಳೇ ಸ್ವೆಟರು. ಕಿವಿಯಲ್ಲಿ ಎರಡು ತೂತು. ಅಷ್ಟು ವರ್ಷ ಭಾರ ಹೊತ್ತು ಹಿಗ್ಗಿದ ತೂತು, ಆ ದೊಡ್ಡ ಪರದೆಯ ಮೇಲೆ ಕಡಲೆಕಾಳು ತೂರುವಷ್ಟು ಕಾಣುತ್ತಿತ್ತು. ಕೈ ಮುಗಿದಳು. "ಧನ್ಯವಾದಗಳು" ಅಂದಳು. ಡಾಬಾದಲ್ಲಿ ಯಾರೂ ಆಡದ ಮಾತು. ಯಾರೋ ಹೇಳಿಕೊಟ್ಟಿರಬೇಕು. ಹಿನ್ನೆಲೆಗೆ ಕೊಳಲು ಬೇರೆ ಹಾಕಿದ್ದರು. ಮಾಡು ಇಲ್ಲದ ರೊಪ್ಪ ಚೌಕಟ್ಟಿನ ಒಳಗೆ ಎಲ್ಲೂ ಇರಲಿಲ್ಲ.

ಮಂಟಪವೆಲ್ಲ ಚಪ್ಪಾಳೆ. ಹಿಂದೆ ಯಾರೋ ಮೂಗು ಸೀಟಿದರು. ಅಧ್ಯಕ್ಷರು ಹೇಳಿದ್ದು ನಿಜ. ಜನ ಮುಖ ನೋಡುತ್ತಾರೆ.

ಅಧ್ಯಕ್ಷರ ಹೆಂಡತಿ ಕಣ್ಣೊರೆಸಿಕೊಂಡು ನನ್ನ ಕಡೆ ಬಾಗಿದರು.

"ಪಾಪ, ಏನ್ ವಯಸ್ಸಮ್ಮ ಅವಳಿಗೆ. ಗಂಡ ಹೋಗಿ ಎಷ್ಟು ದಿನ ಆಯ್ತು?"

"ಹೋಗಿಲ್ಲ" ಅಂದೆ. "ಗುಂಡುಕಲ್ಲು ಇದ್ದಂಗವ್ನೆ. ಈ ಹೊತ್ತು ರೊಪ್ಪದ ಮ್ಯಾಲೆ ಹತ್ತಿ ನಿಮ್ಮ ತಗಡು ಹೊಡೀತಾವ್ನೆ."

"ಮತ್ತೆ... ಕಿವಿ?"

"ನಿಮ್ಮ ಯಜಮಾನ್ರು ತೆಗಿಸಿದ್ರು. ಚಿನ್ನ ಇದ್ರೆ ಬಡವ್ರ ಥರ ಕಾಣಲ್ಲ ಅಂದ್ರು."

ಅವರ ಕೈ ತಮ್ಮ ಕಿವಿಗೆ ಹೋಯಿತು. ಹರಳಿನ ಓಲೆ. ಅದನ್ನು ಮುಚ್ಚಿ ಹಿಡಿದುಕೊಂಡರು. ವೇದಿಕೆಯ ಮೇಲೆ ಗಂಡನಿಗೆ ಹಾರ ಹಾಕುವಾಗ ಎಲ್ಲರೂ ಎದ್ದು ನಿಂತರು. ಅವರು ಏಳಲಿಲ್ಲ.

ನನಗೂ ಶಾಲು ಹೊದಿಸಿದರು. ಬೇಡ ಅನ್ನಲಿಲ್ಲ. ಬೇಡ ಅಂದರೆ ಮುಂದಿನ ಸಲ ಮಳೆಗಾಲಕ್ಕೆ ಇನ್ನೇನಾದರೂ ಬೇಕಾದಾಗ ಯಾರ ಹತ್ತಿರ ಹೋಗಲಿ?

ಕುರಿ ಬದುಕಿದವಲ್ಲ, ಇನ್ನೇನಜ್ಜಿ ನಿಂದು ರಗಳೆ ಅಂತ ಕೇಳುವವರು ಇದ್ದೀರಿ. ಬದುಕಿದವು. ಮಾಡು ಆಯಿತು. ತಗಡು ಗಟ್ಟಿಯಾಗಿದೆ. ಅದಕ್ಕೆ ನನಗೆ ಸಂತೋಷವೇ. ಸಿಟ್ಟು ಬೇರೆ, ಸಂತೋಷ ಬೇರೆ. ಒಂದರಿಂದ ಇನ್ನೊಂದನ್ನು ತೊಳೆಯಲು ಆಗುವುದಿಲ್ಲ.

ನನ್ನ ಸಿಟ್ಟು ಆ ಅಧ್ಯಕ್ಷರೊಬ್ಬರ ಮೇಲೆ ಅಲ್ಲ. ಅವರು ತಮ್ಮ ಮೆಂಬರುಗಳಿಗೆ ಹೆದರಿದರು. ಮೆಂಬರುಗಳು ಅಂದರೆ ಯಾರು? ನೀವೇ. ಆ ಮಂಟಪದಲ್ಲಿ ಚಪ್ಪಾಳೆ ತಟ್ಟಿದವರು. ರೇಷನ್ ಅಂಗಡಿ ಮುಂದೆ ನಿಂತವನ ಕೈಯಲ್ಲಿ ಒಳ್ಳೆಯ ಫೋನು ಕಂಡರೆ ಮುಖ ಸಿಂಡರಿಸುವವರು. ಆಸ್ಪತ್ರೆಯಲ್ಲಿ ಬಿದ್ದವಳ ಮಗಳು ಕ್ಲಿಪ್ಪು ಹಾಕಿಕೊಂಡಿದ್ದಳು ಅಂತ ಕೊಡಬೇಕೆಂದಿದ್ದ ಸಹಾಯವನ್ನು ಜೇಬಿಗೆ ವಾಪಸ್ ಇಟ್ಟುಕೊಂಡವರು. ಬಡವಳು ತಲೆಗೆ ಎಣ್ಣೆ ಹಚ್ಚಬಾರದು, ಒಳ್ಳೆಯ ಸೀರೆ ಉಡಬಾರದು, ಅವ್ವ ಕೊಟ್ಟ ಚಿನ್ನ ಇಟ್ಟುಕೊಳ್ಳಬಾರದು. ಎಲ್ಲ ಕಳೆದುಕೊಂಡು ಬರಿಗಿವಿಯಲ್ಲಿ ನಿಂತ ಮೇಲೆ ನಮಗೆ ಅಯ್ಯೋ ಪಾಪ ಅನ್ನಿಸುತ್ತದೆ. ಅಷ್ಟರೊಳಗೆ ಅವಳಿಗೆ ಉಳಿದಿರುವುದಾದರೂ ಏನು?

ಒಂದೇ ಮಾತು ಕೇಳಿ ಮುಗಿಸುತ್ತೇನೆ. ಓಲೆ ಹಾಕಿದವಳ ಕುರಿಗೆ ಚಳಿ ಆಗುವುದಿಲ್ಲವೇನ್ರಿ?